ಹೃದ್ರೋಗ: ವಂಶದ ಪಾಲೆಷ್ಟು, ನಮ್ಮ ಪಾಲೆಷ್ಟು?

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ರಾಜ್ಯದ ಎಲ್ಲರ ಬಾಯಲ್ಲಿತ್ತು. ಹರೆಯದವರೂ ಹೃದಯಾಘಾತಕ್ಕೆ ತುತ್ತಾಗುತ್ತಿದ್ದಾರೆ ಎಂಬ ಸುದ್ದಿ ಮೇಲಿಂದ ಮೇಲೆ ಬರತೊಡಗಿತು. ಗಾಬರಿಗೊಂಡ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳ ಸಂಖ್ಯೆ ಹಠಾತ್ತನೆ ಏರಿಲ್ಲ ಎಂದಿತು. ತೀರಿಕೊಂಡವರಲ್ಲಿ ಹಲವರಿಗೆ ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಪರಿಚಿತ ಕಾರಣಗಳೇ ಇದ್ದವು.

ಗಾಬರಿ ಇಳಿಯಿತು, ಪ್ರಶ್ನೆ ಉಳಿಯಿತು. ಬೇಲೂರು ರಸ್ತೆಯ ಹಗರೆಯಲ್ಲಿರಲಿ, ಅರಸೀಕೆರೆಯಲ್ಲಿರಲಿ, ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದರೆ ಉಳಿದವರು ಕೇಳಿಕೊಳ್ಳುವುದು ಇದನ್ನೇ: 'ಅಪ್ಪನಿಗೆ ಬಂದದ್ದು ನನಗೂ ಬರುತ್ತದೆಯೇ?'

ಉತ್ತರ ಹುಡುಕಲು ರಕ್ತದೊಳಗಿನ ಕೊಬ್ಬಿನ ಕಥೆ ತಿಳಿಯಬೇಕು. ಕೊಲೆಸ್ಟೆರಾಲ್ ಜೀವಕೋಶಗಳಿಗೆ ಬೇಕೇ ಬೇಕಾದ ವಸ್ತು. ಆದರೆ ಅದು ನೀರಿನಲ್ಲಿ ಕರಗದು. ಹಾಗಾಗಿ ಪ್ರೋಟೀನಿನ ಹೊದಿಕೆಯಿರುವ ಕಣಗಳಲ್ಲಿ ರಕ್ತದೊಡನೆ ಸಾಗುತ್ತದೆ. ಇವುಗಳಲ್ಲಿ ಎಲ್‌ಡಿಎಲ್ ಎಂಬ ಕಣಗಳನ್ನು ಯಕೃತ್ತಿನ ಜೀವಕೋಶಗಳು ಒಳಗೆಳೆದುಕೊಳ್ಳುತ್ತವೆ. ಅದಕ್ಕೆಂದೇ ಅವುಗಳ ಮೇಲ್ಮೈಯಲ್ಲಿ ಗ್ರಾಹಕಗಳೆಂಬ ಬಾಗಿಲುಗಳಿವೆ. ಮಾರುಕಟ್ಟೆಯ ಗೇಟು ಮುಚ್ಚಿದ್ದರೆ ಆಲೂಗಡ್ಡೆ ಲಾರಿಗಳು ರಸ್ತೆಯಲ್ಲೇ ಸಾಲು ನಿಲ್ಲುವುದಿಲ್ಲವೇ? ಬಾಗಿಲು ಕಡಿಮೆಯಾದರೆ ಎಲ್‌ಡಿಎಲ್ ಕೂಡ ರಕ್ತದಲ್ಲೇ ಉಳಿದು, ವರ್ಷಗಳು ಕಳೆದಂತೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ.

ಈ ಬಾಗಿಲನ್ನು ಕಂಡುಹಿಡಿದವರು ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಎಳೆಯ ವಯಸ್ಸಿನಲ್ಲೇ ವಿಪರೀತ ಕೊಲೆಸ್ಟೆರಾಲ್ ಇದ್ದ ಮಕ್ಕಳ ಕಾಯಿಲೆಯೇ ಅವರನ್ನು ಈ ಸಂಶೋಧನೆಗೆ ಹಚ್ಚಿತು. ಅಂಥ ಮಕ್ಕಳ ಜೀವಕೋಶಗಳಲ್ಲಿ ಗ್ರಾಹಕ ಕೆಲಸ ಮಾಡುತ್ತಿರಲಿಲ್ಲ; ಅದನ್ನು ತಯಾರಿಸುವ ವಂಶವಾಹಿಯಲ್ಲೇ ದೋಷವಿತ್ತು. 1985ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇಂಥ ದೋಷದ ಒಂದು ಪ್ರತಿ ಇರುತ್ತದೆಂದು ಅಂದಾಜು. ತಂದೆ ಅಥವಾ ತಾಯಿಯಲ್ಲಿ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಆದರೆ ಬಹುಪಾಲು ಮನೆಗಳಲ್ಲಿ ಇರುವುದು ಒಂದೇ ದೊಡ್ಡ ದೋಷವಲ್ಲ. ಹಲವಾರು ವಂಶವಾಹಿಗಳ ಸಣ್ಣಸಣ್ಣ ವ್ಯತ್ಯಾಸಗಳು. ಬೆಂಗಳೂರಿನ ನಾರಾಯಣ ಹೃದಯಾಲಯದ ಆವರಣದಲ್ಲಿ ಥ್ರಾಂಬೋಸಿಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನೇ ಹುಡುಕಲು ಹೊರಟರು. ಬೇಗನೆ ಹೃದ್ರೋಗ ಬಂದವರನ್ನಷ್ಟೇ ಅಲ್ಲ, ಅವರ ಕುಟುಂಬದವರನ್ನೂ ಸೇರಿಸಿಕೊಂಡು ರಕ್ತ ಪರೀಕ್ಷಿಸಿದರು. ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಏರುಪೇರಿಗೂ ಅಪೋಎ5 ಎಂಬ ವಂಶವಾಹಿಗೂ ನಂಟಿರುವುದು ಅವರು ಅಧ್ಯಯನ ಮಾಡಿದ ಭಾರತೀಯ ಕುಟುಂಬಗಳಲ್ಲೂ ಕಂಡುಬಂತು.

ಹಾಗಾದರೆ ಎಲ್ಲವೂ ಹಣೆಬರಹವೇ? ಅಲ್ಲ ಎನ್ನುತ್ತದೆ ಭಾರತೀಯ ಮೂಲದ ವಿಜ್ಞಾನಿ ಶೇಖರ್ ಕತಿರೇಶನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ. ಕತಿರೇಶನ್ ಅವರ ಅಣ್ಣ 42ನೇ ವಯಸ್ಸಿನಲ್ಲೇ ಹೃದಯಾಘಾತಕ್ಕೆ ಬಲಿಯಾದವರು. ಈ ತಂಡ 55 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿತು. ವಂಶದಿಂದ ಅತಿ ಹೆಚ್ಚು ಅಪಾಯ ಹೊತ್ತವರಲ್ಲೂ ಬೀಡಿ-ಸಿಗರೇಟು ಮುಟ್ಟದಿರುವುದು, ಬೊಜ್ಜು ಬೆಳೆಸದಿರುವುದು, ವ್ಯಾಯಾಮ, ಹಿತವಾದ ಆಹಾರ — ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಿಗೆ, ಇವನ್ನು ಕಡೆಗಣಿಸಿದವರಿಗಿಂತ ಹೃದ್ರೋಗದ ಅಪಾಯ ಶೇ 46ರಷ್ಟು ಕಡಿಮೆಯಿತ್ತು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಗ್ರಾಹಕದ ದೋಷ ಹೊತ್ತು ಹುಟ್ಟಿದವರಿಗೆ ಪಥ್ಯವೊಂದೇ ಸಾಲದು, ಔಷಧ ಬೇಕಾಗುತ್ತದೆ. ತೆಳ್ಳಗಿರುವ, ಆಟದಲ್ಲಿ ಮುಂದಿರುವ ಹುಡುಗನ ರಕ್ತದಲ್ಲೂ ಕೊಲೆಸ್ಟೆರಾಲ್ ಮಿತಿಮೀರಿರಬಹುದು. 1987ರಲ್ಲಿ ಬಳಕೆಗೆ ಬಂದ ಸ್ಟ್ಯಾಟಿನ್ ಗುಳಿಗೆಗಳು ಯಕೃತ್ತಿನ ಬಾಗಿಲುಗಳನ್ನು ಹೆಚ್ಚಿಸುತ್ತವೆ. ಆದರೆ ಅವು ವೈದ್ಯರು ಹೇಳಿದ ಮೇಲೆ ನುಂಗುವಂಥವು, ನೆರೆಮನೆಯವರ ಸಲಹೆಯ ಮೇಲಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಹಾಳೆ ತೆಗೆದುಕೊಂಡು ನಿಮ್ಮ ವಂಶವೃಕ್ಷ ಬರೆಯಿರಿ. ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರಮಾವ, ಅತ್ತೆ — ಯಾರಿಗೆ ಹೃದ್ರೋಗ ಬಂತು, ಎಷ್ಟನೇ ವಯಸ್ಸಿನಲ್ಲಿ ಎಂದು ಮನೆಯ ಹಿರಿಯರನ್ನು ಕೇಳಿ ಗುರುತಿಸಿ. ಗಂಡಸರಿಗೆ 55, ಹೆಂಗಸರಿಗೆ 65 ತುಂಬುವ ಮುನ್ನ ಬಂದಿದ್ದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ತಂದೆತಾಯಿಯರೇ, ಅಂಥ ಮನೆಯ ಮಕ್ಕಳಿಗೆ ಕೊಲೆಸ್ಟೆರಾಲ್ ಪರೀಕ್ಷೆ ಬೇಕೇ ಎಂದು ಅವರನ್ನೇ ಕೇಳಿ. ಬೇಕಾದದ್ದು ತೋಳಿನಿಂದ ತೆಗೆದ ತುಸು ರಕ್ತ, ಅಷ್ಟೆ. ಎದೆನೋವು ಬರುವವರೆಗೆ ಕಾಯುವುದಕ್ಕಿಂತ ಅದು ಎಷ್ಟೋ ಅಗ್ಗ.