ರಕ್ತ ಹಾಕಿಸಬೇಕೇ, ಬೇಡವೇ?

ನೀಲಗಿರಿ, ವಯನಾಡು ಕಡೆಯ ನಮ್ಮ ತೋಟಗಳ ಲೈನುಗಳಲ್ಲಿ ಒಂದು ನಂಬಿಕೆ ಬೇರೂರಿದೆ. ರಕ್ತ ಕಡಿಮೆಯಾದರೆ ರಕ್ತ ಹಾಕಿಸಬೇಕು, ಹಾಕಿಸಿದರೆ ಶಕ್ತಿ ಬರುತ್ತದೆ ಎಂಬುದೇ ಅದು. ದೊಡ್ಡಾಸ್ಪತ್ರೆಯ ಡಾಕ್ಟರು "ಈಗ ರಕ್ತ ಬೇಡ, ಮಾತ್ರೆ ಸಾಕು" ಎಂದು ಕಳುಹಿಸಿದರೆ, ಕೂಲಿಯವರೆಂದು ಅಸಡ್ಡೆ ಮಾಡಿದರೆಂದು ಮನೆಯವರು ನೊಂದುಕೊಳ್ಳುತ್ತಾರೆ. ಕೆಲವರು ಕಿವಿಯ ಓಲೆ ಅಡವಿಟ್ಟು ಬೇರೆ ಕಡೆ ಹೋಗಿ ಒಂದು ಬಾಟ್ಲಿ ಹಾಕಿಸಿಕೊಂಡು ಬರುತ್ತಾರೆ. ಎರಡು ತಿಂಗಳಲ್ಲಿ ಮತ್ತೆ ಅದೇ ಸುಸ್ತು, ಜೊತೆಗೆ ಸಾಲ. ಅಸಡ್ಡೆ ನಡೆಯುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. ನಡೆಯುತ್ತದೆ, ಕಣ್ಣಾರೆ ಕಂಡಿದ್ದೇವೆ. ಆದರೆ ಯಾವುದು ಅಸಡ್ಡೆ, ಯಾವುದು ಸರಿಯಾದ ಚಿಕಿತ್ಸೆ ಎಂದು ಗುರುತಿಸಬೇಕಾದರೆ ಡಾಕ್ಟರು ಹೇಗೆ ತೀರ್ಮಾನಿಸುತ್ತಾರೆ ಎಂಬುದು ನಮಗೂ ಗೊತ್ತಿರಬೇಕು.

ಚೀಟಿಯಲ್ಲಿ ಬರೆಯುವ ಹಿಮೋಗ್ಲೋಬಿನ್ ಅಂಕಿ ಎಂದರೆ 100 ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬ ಲೆಕ್ಕ. ಗಂಡಸಿಗೆ 13ಕ್ಕಿಂತ, ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 10ಕ್ಕಿಂತ ಇಳಿದರೆ ರಕ್ತ ಕೊಡಬೇಕೆಂಬ ರೂಢಿ ಬಹುಕಾಲ ನಡೆಯಿತು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆನಡಾ ದೇಶದ ವೈದ್ಯರು ತೀವ್ರ ಕಾಯಿಲೆಯ 838 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ 10ಕ್ಕಿಂತ ಇಳಿದೊಡನೆ, ಇನ್ನೊಂದಕ್ಕೆ 7ಕ್ಕಿಂತ ಇಳಿದ ಮೇಲೆ ರಕ್ತ ಕೊಟ್ಟು ನೋಡಿದರು. ತಡೆದು ಕೊಟ್ಟದ್ದರಿಂದ ಸಾವು ಹೆಚ್ಚಲಿಲ್ಲ. ಈಗ ಸಾಮಾನ್ಯವಾಗಿ 7ರ ಸುತ್ತ, ಹೃದ್ರೋಗವಿದ್ದವರಿಗೆ 8ರ ಸುತ್ತ ಬಂದಾಗ ರಕ್ತ ಕೊಡುವ ಯೋಚನೆ ಮಾಡುತ್ತಾರೆ.

ಆದರೂ ಅಂಕಿಯೊಂದೇ ತೀರ್ಪು ಕೊಡುವುದಿಲ್ಲ. ಹೆರಿಗೆಯಲ್ಲಿ ಒಮ್ಮೆಲೇ ರಕ್ತ ಹೋದವಳ ಪಾಡು ಬೇರೆ, ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕಡಿಮೆಯಾದವಳ ಪಾಡು ಬೇರೆ. ಎರಡನೆಯವಳ ದೇಹ ಬಡತನಕ್ಕೆ ಒಗ್ಗಿಕೊಂಡ ಸಂಸಾರದಂತೆ. ಹೃದಯ ಹೆಚ್ಚು ದುಡಿಯುತ್ತದೆ, ಇರುವ ರಕ್ತವೇ ಪ್ರಾಣವಾಯುವನ್ನು ಧಾರಾಳವಾಗಿ ಬಿಟ್ಟುಕೊಡುತ್ತದೆ. 7 ಇದ್ದರೂ ಬುಟ್ಟಿ ಹೊತ್ತು ಗುಡ್ಡ ಹತ್ತುವ ಹೆಂಗಸರು ನಮ್ಮಲ್ಲಿದ್ದಾರೆ. ಅಂಥವರಿಗೆ ಆತುರದಲ್ಲಿ ಎರಡು ಮೂರು ಬಾಟ್ಲಿ ಸುರಿದರೆ ದಣಿದ ಹೃದಯ ತಾಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದಲೇ ನಿಧಾನವಾಗಿ ಒಂದು ಕೊಟ್ಟು, ನೋಡಿ, ಬೇಕಾದರೆ ಮಾತ್ರ ಇನ್ನೊಂದು ಕೊಡುತ್ತಾರೆ. ಒಂದು ಬಾಟ್ಲಿಯಿಂದ ಏರುವುದು ಸುಮಾರು 1 ಗ್ರಾಂ ಮಾತ್ರ. ಓಲೆ ಹೋದದ್ದು ಇಷ್ಟಕ್ಕೇ!

ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಮುಖ್ಯ ಕೆಲಸ. ಬರಿಗಾಲಿನಿಂದ ಒಳಹೊಕ್ಕ ಕೊಕ್ಕೆಹುಳುವೇ? ತಿಂಗಳ ಮುಟ್ಟು ಅತಿಯಾಗಿದೆಯೇ? ಊಟದಲ್ಲಿ ಸತ್ವವಿಲ್ಲವೇ? ಕಬ್ಬಿಣದ ಕೊರತೆಯಾದರೆ ಮಾತ್ರೆಯಿಂದ ಕೆಲವು ವಾರಗಳಲ್ಲಿ ಅಂಕಿ ಏರುತ್ತದೆ. ಏರಿದ ಮೇಲೂ ಸುಮಾರು ಮೂರು ತಿಂಗಳು ಬಿಡದೆ ನುಂಗಬೇಕು. ಮಾತ್ರೆಯ ಹಿಂದೆ ಮುಂದೆ ಚಹಾ ಕುಡಿಯಬೇಡಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಾವೇ ಕಿತ್ತ ಎಲೆ ನಮಗೇ ಅಡ್ಡಬರುವುದು ವಿಚಿತ್ರ.

ನಮ್ಮ ಬೆಟ್ಟಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ. ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರೋಗದ ಅಂಶವನ್ನು 1952ರಲ್ಲಿ ನೀಲಗಿರಿಯ ಆದಿವಾಸಿಗಳಲ್ಲಿ ಗುರುತಿಸಿದರು. ವಯನಾಡಿನಲ್ಲಿಯೂ ಅದು ಇದೆ. ಈ ರೋಗದವರಲ್ಲಿ ಅನೇಕರು 7, 8ರಲ್ಲೇ ದಿನ ದೂಡುತ್ತಾರೆ, ಅವರಿಗೆ ಅದೇ ವಾಡಿಕೆಯ ಅಂಕಿ. ಅಂಕಿ ಕಡಿಮೆಯೆಂದಾಗಲಿ ಕೈಕಾಲು ನೋವೆಂದಾಗಲಿ ಅವರಿಗೆ ರಕ್ತ ಹಾಕುವುದಿಲ್ಲ. ಪಾರ್ಶ್ವವಾಯು ಬಡಿದರೆ, ಶ್ವಾಸಕೋಶಕ್ಕೆ ತಗುಲಿದರೆ, ವಾಡಿಕೆಗಿಂತ ದಿಢೀರನೆ ಇಳಿದರೆ ಹಾಕುತ್ತಾರೆ. ಅತಿಯಾಗಿ ಏರಿಸಿದರೆ ಅವರ ರಕ್ತ ಮಂದವಾಗಿ ನಾಳ ಕಟ್ಟಿಕೊಳ್ಳುತ್ತದೆ. ಮೇಲಾಗಿ ಒಂದೊಂದು ಬಾಟ್ಲಿಯೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ, ಪದೇಪದೇ ಹಾಕಿಸಿದರೆ ಪಿತ್ತಜನಕಾಂಗದಲ್ಲಿ, ಹೃದಯದಲ್ಲಿ ಕೂಡಿಬೀಳುತ್ತದೆ. ಪರರ ರಕ್ತದ ವಿರುದ್ಧ ದೇಹ ಸೆಟೆದು ನಿಂತು, ನಿಜವಾಗಿ ಬೇಕಾದ ದಿನ ಹೊಂದುವ ರಕ್ತವೇ ಸಿಗದಿರಬಹುದು. ಅದಕ್ಕಾಗಿ ಹಳೆಯ ಚೀಟಿಗಳನ್ನು ಎಸೆಯದೆ ಒಂದು ಚೀಲದಲ್ಲಿಡಿ. ಹಿಂದಿನ ಅಂಕಿ ಎಷ್ಟಿತ್ತು ಎಂಬುದು ಇಂದಿನ ಅಂಕಿಯಷ್ಟೇ ಮುಖ್ಯ. (ಥಲಸ್ಸೀಮಿಯಾ ಎಂಬ ರೋಗದ ತೀವ್ರ ಬಗೆಯಲ್ಲಿ ಮಾತ್ರ ಮಕ್ಕಳಿಗೆ ಕ್ರಮವಾಗಿ ರಕ್ತ ಕೊಡುತ್ತಲೇ ಇರಬೇಕು, ಕಬ್ಬಿಣ ಇಳಿಸುವ ಔಷಧವನ್ನೂ ಕೊಡಬೇಕು.)

ಇಷ್ಟೆಲ್ಲ ಬರೆದದ್ದು ಸುಮ್ಮನೆ ಕುಳಿತಿರಿ ಎಂದು ಹೇಳಲು ಖಂಡಿತ ಅಲ್ಲ. ಕುಳಿತಲ್ಲೇ ಏದುಸಿರು, ಎದೆನೋವು, ಎಚ್ಚರ ತಪ್ಪುವುದು, ಕಪ್ಪು ಮಲ, ನಿಲ್ಲದ ಸ್ರಾವ, ಇವುಗಳಲ್ಲಿ ಒಂದು ಕಂಡರೂ ಅಂಕಿಗಾಗಿ ಕಾಯಬೇಡಿ. ದಿನ ತುಂಬುತ್ತಿರುವ ಬಸುರಿಗೆ 7ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳುಹಿಸುವುದನ್ನು ಒಪ್ಪಬೇಡಿ, ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಾಳುವ ಬಲ ಅವಳಲ್ಲಿಲ್ಲ. ಎಸ್ಟೇಟಿನ ಗಾಡಿ ಕೊಡದಿದ್ದರೆ ರಾತ್ರಿಯಾದರೂ ಸರಿ, ಸಂಘದವರನ್ನು ಎಬ್ಬಿಸಿ. ಉಳಿದ ವೇಳೆಯಲ್ಲಿ ಡಾಕ್ಟರನ್ನು ಹೆದರದೆ ಕೇಳಿ: "ಸ್ವಾಮಿ, ಕಾರಣವೇನು? ರಕ್ತ ಏಕೆ ಬೇಕು, ಅಥವಾ ಏಕೆ ಬೇಡ? ಮತ್ತೆ ಯಾವಾಗ ಪರೀಕ್ಷೆ?" ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಮುನಿಯುವುದಿಲ್ಲ.

ಇನ್ನೊಂದು ಸಂಗತಿ. 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಕೊಡುವವರಿಂದ ರಕ್ತ ಪಡೆಯುವುದನ್ನು ನಿಷೇಧಿಸಿದೆ. ರಕ್ತನಿಧಿಯವರು ಪರೀಕ್ಷೆ, ಸಂಗ್ರಹಣೆಯ ಖರ್ಚನ್ನು ಮಾತ್ರ ಕೇಳಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತು "ರಕ್ತಕ್ಕೆ ಇಷ್ಟು" ಎಂದು ದರ ಹೇಳುವವನಿಗೆ ಬಿಡಿಗಾಸೂ ಕೊಡಬೇಡಿ. ರಕ್ತನಿಧಿಗೆ ನೇರ ಹೋಗಿ, ರಸೀದಿ ಕೇಳಿ ಪಡೆಯಿರಿ.