ಸರ್ವರಿನ ಡಿಸ್ಕ್ ಮತ್ತು ಮೂರು ಕೊಟೇಶನ್

ಶಾಲೆಯ ಲ್ಯಾಬಿಗೆ ಸರ್ವರ್ ಕೊಳ್ಳುವ ಮಾತು ಬಂದಾಗ ಪಿ.ಟಿ.ಎ. ಸಭೆಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಟಿಬಿ, ಎಷ್ಟು ರೂಪಾಯಿ? ಮೂರು ಕೊಟೇಶನ್ ತರಿಸಿ ಕಡಿಮೆಯದಕ್ಕೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಲೆಕ್ಕಪತ್ರಕ್ಕೆ ಇದು ಸರಿ, ಡಿಸ್ಕಿಗೆ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಬೆಲ್ ಹೊಡೆದ ಕೂಡಲೇ ಇಪ್ಪತ್ತು ಮಕ್ಕಳು ಒಟ್ಟಿಗೆ ತಮ್ಮ ಫೈಲು ತೆರೆಯುತ್ತಾರೆ. ತಿರುಗುವ ಡಿಸ್ಕಿನ ತಲೆ ಒಂದೊಂದು ಫೈಲಿಗೂ ಅತ್ತಿಂದಿತ್ತ ಓಡಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಕೂಡ ಹೀಗೆ ಚದುರಿದ ಕೆಲಸವನ್ನು ಸೆಕೆಂಡಿಗೆ ಸುಮಾರು ನೂರು ಬಾರಿ ಮಾತ್ರ ಮಾಡಬಲ್ಲದು. ಎಸ್‌ಎಸ್‌ಡಿಯಲ್ಲಿ ಓಡುವ ತಲೆಯೇ ಇಲ್ಲ, ಸಾವಿರಾರು ಬಾರಿ ಮಾಡುತ್ತದೆ. ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ಮತ್ತು ಮಕ್ಕಳ ದಿನನಿತ್ಯದ ಕೆಲಸ ಎಸ್‌ಎಸ್‌ಡಿಯಲ್ಲೇ ಇರಲಿ.

ದೊಡ್ಡ ಸಂಗ್ರಹಕ್ಕೆ ತಿರುಗುವ ಡಿಸ್ಕ್ ಸಾಕು, ಅಗ್ಗವೂ ಹೌದು. ಆದರೆ ಯಾವುದು? ಮನೆಯ ಕಂಪ್ಯೂಟರಿನ ಡಿಸ್ಕಿಗೆ ತಯಾರಕರೇ ಸಾಮಾನ್ಯವಾಗಿ ಹಾಕುವ ಮಿತಿ ವರ್ಷಕ್ಕೆ 55 ಟಿಬಿ ಓದು-ಬರಹ. ನ್ಯಾಸ್ ಡಿಸ್ಕುಗಳಿಗೆ 180 ಟಿಬಿ, ದೊಡ್ಡ ಸರ್ವರುಗಳ ಡಿಸ್ಕಿಗೆ 550 ಟಿಬಿ. ಶಾಲೆಗೆ ನಡುವಿನದು ಧಾರಾಳವಾಯಿತು.

ಎಸ್‌ಎಂಆರ್ ಎಂಬ ಇನ್ನೊಂದು ಜಾತಿಯಿದೆ. ನಮ್ಮ ಹಂಚಿನ ಮಾಡಿನ ಹಾಗೆ, ಒಂದು ಗೆರೆಯ ಅಂಚಿನ ಮೇಲೆ ಇನ್ನೊಂದು ಗೆರೆ ಹೊದ್ದುಕೊಂಡಿರುತ್ತದೆ. ನಡುವಿನ ಒಂದು ಹಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಲ್ಲ? ಇಲ್ಲಿಯೂ ಹಾಗೆಯೇ, ಹಳೆಯದನ್ನು ತಿದ್ದಿ ಬರೆಯುವಾಗ ಡಿಸ್ಕ್ ತೆವಳುತ್ತದೆ. ವೆಸ್ಟರ್ನ್ ಡಿಜಿಟಲ್ ಕಂಪನಿ ನ್ಯಾಸ್‌ಗೆಂದೇ ಮಾರಿದ ಕೆಲವು 'ರೆಡ್' ಡಿಸ್ಕುಗಳೂ ಈ ಜಾತಿಯವೆಂದು ಒಪ್ಪಿಕೊಂಡದ್ದು 2020ರಲ್ಲಿ, ಗ್ರಾಹಕರು ಕೂಗಿದ ಮೇಲೆ! ಹಾಗಾಗಿ ಪೆಟ್ಟಿಗೆಯ ಮೇಲಿನ ಬಣ್ಣ ನಂಬಬೇಡಿ, ಸಿಎಂಆರ್ ಎಂದು ಬರೆಸಿಕೊಳ್ಳಿ.

ಒಂದು ಲ್ಯಾಬಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಮಲಯಾಳ ಮಾಧ್ಯಮದ ಪಾಠ ಸಾಮಗ್ರಿ ಅಳಿದುಹೋದರೆ ಪಕ್ಕದ ಶಾಲೆಯಿಂದಲೋ ಅಂತರ್ಜಾಲದಿಂದಲೋ ತರಬಹುದು. ನಮ್ಮ ಮಕ್ಕಳು ಅಜ್ಜಿಯ ಬಾಯಿಂದ ಕೇಳಿ ಮೊಬೈಲಿನಲ್ಲಿ ಹಿಡಿದು ತಂದ ಕನ್ನಡ ಹಾಡು, ಟೀಚರುಗಳು ರಜೆಯಲ್ಲಿ ಕುಳಿತು ಟೈಪು ಮಾಡಿದ ಟಿಪ್ಪಣಿ ಇವನ್ನು ಎಲ್ಲಿಂದ ತರುವುದು? ಕೆಲವು ಅಜ್ಜಿಯರು ಈಗ ಇಲ್ಲ. ಎಲ್ಲವನ್ನೂ ಕ್ಲೌಡಿಗೆ ಹಾಕಿ ಎನ್ನುವವರು ಮಳೆಗಾಲದಲ್ಲಿ ಒಂದು ವಾರ ಕಾಸರಗೋಡಿನ ಗುಡ್ಡದ ಶಾಲೆಯಲ್ಲಿ ಪಾಠ ಮಾಡಿ ನೋಡಲಿ.

ಎರಡು ಡಿಸ್ಕಿಗೂ ಒಂದೇ ವಿಷಯ ಬರೆಯುವ ರೈಡ್-1 ಇರಲಿ, ಒಂದು ಕೆಟ್ಟರೂ ಪಾಠ ನಿಲ್ಲದು. ಆದರೆ ಅದು ಬ್ಯಾಕಪ್ ಅಲ್ಲ. ಯಾರೋ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮೂರನೆಯದೊಂದು ಹೊರಗಿನ ಡಿಸ್ಕಿಗೆ ವಾರಕ್ಕೊಮ್ಮೆ ಪ್ರತಿ ತೆಗೆದು ಸರ್ವರಿನಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಹಣ ಕಡಿಮೆಯಿದ್ದರೆ ಟಿಬಿ ಕಡಿಮೆ ಮಾಡಿ, ಈ ಮೂರನೆಯದನ್ನು ಬಿಡಬೇಡಿ.

ಕೊಟೇಶನ್ ಪದ್ಧತಿಯನ್ನು ಮುರಿಯಬೇಕಿಲ್ಲ. ಕೇಳುವ ಪತ್ರದಲ್ಲೇ ನ್ಯಾಸ್ ದರ್ಜೆ, ಸಿಎಂಆರ್, ಮೂರು ವರ್ಷ ವಾರಂಟಿ, ಪೂರ್ಣ ಮಾಡೆಲ್ ನಂಬರ್ ಎಂದು ನಮೂದಿಸಿ. ಆಮೇಲೆ ಕಡಿಮೆ ದರದವರಿಗೇ ಕೊಡಿ, ನಮ್ಮ ತಕರಾರಿಲ್ಲ.