ಮಕ್ಕಳು ಯಾವ ದೇಶದ ಪರ ಆಡಬೇಕು?

2018ರ ವಿಶ್ವಕಪ್ ಫುಟ್‌ಬಾಲ್‌ಗಾಗಿ ಯುರೋಪಿನಲ್ಲಿ ನಡೆದ ಅರ್ಹತಾ ಸುತ್ತಿನ ‘ಐ’ ಗುಂಪು ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಐಸ್‌ಲ್ಯಾಂಡ್‌ನ ಕಾರಣಕ್ಕೆ. ನಮ್ಮ ಬಳ್ಳಾರಿ ನಗರಕ್ಕಿಂತಲೂ ಕಡಿಮೆ ಜನಸಂಖ್ಯೆಯ ಆ ದ್ವೀಪರಾಷ್ಟ್ರವು 10 ಪಂದ್ಯಗಳಲ್ಲಿ 22 ಅಂಕ ಗಳಿಸಿ, 20 ಅಂಕಗಳ ಕ್ರೊವೇಷಿಯಾವನ್ನು ಹಿಂದಿಕ್ಕಿ, ಮೊದಲ ಬಾರಿಗೆ ವಿಶ್ವಕಪ್ ಪ್ರವೇಶಿಸಿತು. ಆದರೆ ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಮತ್ತು ಅಲ್ಲಿಗೆ ಹೊರಟು ನಿಂತವರು ಗಮನಿಸಬೇಕಾದದ್ದು ಆ ಅಂಕಪಟ್ಟಿಯ ಕೊನೆಯ ಸಾಲನ್ನು. ಅಲ್ಲಿ ಒಂದೇ ಒಂದು ಅಂಕದೊಡನೆ ಕೊಸೊವೊ ನಿಂತಿದೆ.

2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊಗೆ ಫಿಫಾ ಸದಸ್ಯತ್ವ ದೊರೆತದ್ದು 2016ರ ಮೇ ತಿಂಗಳಲ್ಲಿ. ಅದಕ್ಕೂ ಮುನ್ನ ದುಡಿಮೆಗಾಗಿ, ಬಳಿಕ ಯುದ್ಧದ ಭಯದಿಂದ ಅಲ್ಲಿನ ಸಾವಿರಾರು ಕುಟುಂಬಗಳು ಸ್ವಿಟ್ಜರ್ಲೆಂಡ್, ಜರ್ಮನಿ, ಸ್ವೀಡನ್, ನಾರ್ವೆಗಳಲ್ಲಿ ನೆಲೆಸಿದ್ದವು. ಆ ವರ್ಷದ ಸೆಪ್ಟೆಂಬರ್ 5ರಂದು ಫಿನ್ಲೆಂಡಿನ ತುರ್ಕು ನಗರದಲ್ಲಿ ಕೊಸೊವೊ ತನ್ನ ಮೊದಲ ಅರ್ಹತಾ ಪಂದ್ಯವನ್ನಾಡಿತು. ಅಂದು ಪೆನಾಲ್ಟಿಯಲ್ಲಿ ಗೋಲು ಹೊಡೆದು 1–1ರ ಸಮಬಲ ತಂದುಕೊಟ್ಟವರು ವ್ಯಾಲನ್ ಬೆರಿಷಾ. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ಬೆಳೆದ ಅವರು ಅದಕ್ಕೆ ಮೊದಲು ನಾರ್ವೆಯ ಹಿರಿಯರ ತಂಡದಲ್ಲಿ ಆಡಿದ್ದವರು. ಅವರು ಕೊಸೊವೊ ಪರ ಆಡಲು ಫಿಫಾ ಅನುಮತಿ ಬಂದದ್ದು ಪಂದ್ಯ ಆರಂಭಕ್ಕೆ ಕೆಲವೇ ಗಂಟೆಗಳ ಮುಂಚೆ. ಕೊಸೊವೊದ ಏಕೈಕ ಅಂಕ ಹುಟ್ಟಿದ್ದು ಹೀಗೆ.

ಅದೇ ಗುಂಪಿನ ಕ್ರೊವೇಷಿಯಾ ತಂಡದ ಇವಾನ್ ರಾಕಿಟಿಚ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿನ ಕಿರಿಯರ ತಂಡಗಳಲ್ಲಿ ಆಡಿ, ಆನಂತರ ತಂದೆತಾಯಿಯರ ನಾಡನ್ನು ಆರಿಸಿಕೊಂಡರು. ಟರ್ಕಿಯ ಹಕಾನ್ ಚಾಲ್ಹಾನೊಗ್ಲು ಜರ್ಮನಿಯ ಮ್ಯಾನ್‌ಹೈಮ್‌ನವರು. ಕೊಸೊವೊದಲ್ಲಿ ಹುಟ್ಟಿದ ಪೆರ್ಪಾರಿಂ ಹೆಟೆಮಾಯ್ ತಮ್ಮನ್ನು ಬೆಳೆಸಿದ ಫಿನ್ಲೆಂಡನ್ನು ಆಯ್ದುಕೊಂಡರು. ಒಂದೇ ಮನೆಯಿಂದ ಎರಡು ಉತ್ತರ ಬಂದದ್ದೂ ಉಂಟು. ಕೊಸೊವೊ ಮೂಲದ ದಂಪತಿಯ ಮಕ್ಕಳಾದ ಝಾಕಾ ಸಹೋದರರಲ್ಲಿ ಗ್ರಾನಿಟ್ ಸ್ವಿಟ್ಜರ್ಲೆಂಡಿನ ಪರ, ತೌಲಾಂಟ್ ಅಲ್ಬೇನಿಯಾದ ಪರ 2016ರ ಯುರೋ ಕಪ್‌ನಲ್ಲಿ ಮುಖಾಮುಖಿಯಾದರು. ಅವರ ತಾಯಿ ಎರಡೂ ಧ್ವಜಗಳನ್ನು ಕೂಡಿಸಿದ ಅಂಗಿ ತೊಟ್ಟು ಪಂದ್ಯ ನೋಡಿದರು.

ಈ ಆಟಗಾರರಿಗೆ ಆಯ್ಕೆಯ ಅವಕಾಶವಾದರೂ ಇತ್ತು. ನಮ್ಮ ಮಕ್ಕಳ ಸ್ಥಿತಿ ಬೇರೆ. ಭಾರತದಲ್ಲಿ ದ್ವಿಪೌರತ್ವವಿಲ್ಲ. ಸ್ವಇಚ್ಛೆಯಿಂದ ಅನ್ಯ ದೇಶದ ಪೌರತ್ವ ಪಡೆದವರು ಭಾರತೀಯ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಸಾಗರೋತ್ತರ ಭಾರತೀಯ ಪೌರ ಎಂಬ ಹೆಸರಿನ ಒಸಿಐ ಕಾರ್ಡ್, ಹೆಸರಿನಲ್ಲಿ ಏನೇ ಇದ್ದರೂ, ಪೌರತ್ವವಲ್ಲ. ಅದರಿಂದ ಮತದಾನದ ಹಕ್ಕು ಬಾರದು. ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶವನ್ನು ಪ್ರತಿನಿಧಿಸಬಹುದೆಂದು ಕೇಂದ್ರ ಸರ್ಕಾರ 2008ರಲ್ಲಿ ನಿರ್ಧರಿಸಿತು. ಆದ್ದರಿಂದಲೇ ಇಝುಮಿ ಅರಾಟಾ ಜಪಾನಿನ ಪೌರತ್ವ ತೊರೆದು ಭಾರತ ತಂಡ ಸೇರಿದರು. ಬೆಂಗಳೂರು ಎಫ್‌ಸಿ ಆಟಗಾರ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನು ಬಿಟ್ಟುಕೊಟ್ಟರು.

ಒಮ್ಮೆ ಮುಚ್ಚಿದ ಬಾಗಿಲು ಸುಲಭವಾಗಿ ತೆರೆಯುವುದೂ ಇಲ್ಲ. ಸಿಂಗಪುರದಲ್ಲಿ ಹುಟ್ಟಿದ ಯುವಕನೊಬ್ಬ ಭಾರತೀಯ ಪೌರತ್ವವನ್ನು ಮರಳಿ ಪಡೆಯಲು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಅವನ ಕೋರಿಕೆಯನ್ನು ಒಪ್ಪಲಿಲ್ಲ. ಅವನು ಹುಟ್ಟುವ ಮೊದಲೇ ತಂದೆತಾಯಿಯರು ಸಿಂಗಪುರದ ಪೌರರಾಗಿದ್ದರು. ಅವರ ಸಹಿಯ ಫಲ ಮಗನ ಹಣೆಯ ಬರಹವಾಯಿತು.

ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಮಕ್ಕಳು ಸಾಮಾನ್ಯವಾಗಿ ಭಾರತೀಯರಾಗಿಯೇ ಉಳಿಯುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟವರ ಲೆಕ್ಕಾಚಾರವೇ ಬೇರೆ. ಸಂಬಳ, ವೀಸಾ, ಮನೆಸಾಲಗಳ ಜೊತೆ ಪೌರತ್ವದ ಪ್ರಶ್ನೆಯೂ ಆರಂಭದಲ್ಲೇ ಚರ್ಚೆಯಾಗಬೇಕು. ಅರ್ಜಿಗೆ ಸಹಿ ಹಾಕುವ ಮುನ್ನ ತಿಳಿವಳಿಕೆ ಬಂದ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಪಡೆಯುವುದೇನು, ಬಿಡುವುದೇನು ಎಂದು ಹೇಳುವುದು ಹೆತ್ತವರ ಕರ್ತವ್ಯ.

ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಒಂದು ಮಾತು. ಮೊಮ್ಮಗಳು ಬೇರೆ ದೇಶದ ಅಂಗಿ ತೊಟ್ಟು ಮೈದಾನಕ್ಕಿಳಿದರೆ ಅದು ನಿಮಗೆ ಬಗೆದ ದ್ರೋಹವಲ್ಲ. ಬಹುತೇಕ ಆ ಆಯ್ಕೆ ಅವಳದಾಗಿರುವುದೇ ಇಲ್ಲ. ‘ನೀನು ಅಲ್ಲಿಯವಳೋ, ನಮ್ಮವಳೋ’ ಎಂಬ ಪರೀಕ್ಷೆ ಬೇಡ. ಪಂದ್ಯ ಎಷ್ಟು ಗಂಟೆಗೆ ಎಂದು ಕೇಳಿ ತಿಳಿದುಕೊಳ್ಳಿ. ಮುಗಿದ ಮೇಲೆ ಕನ್ನಡದಲ್ಲಿ ಮಾತನಾಡಿಸಿ.